ಸಂರಕ್ಷಿತ ಕಾರ್ಯಾಗಾರವೋ, ಬೆಂಬಲಿತ ಉದ್ಯೋಗವೋ?

ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳು ಶಾಲೆಯ ವಯಸ್ಸು ದಾಟಿದ ಮೇಲೆ ಪೋಷಕರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಸಂರಕ್ಷಿತ ಕಾರ್ಯಾಗಾರದಲ್ಲಿ ಅವರು ತಮ್ಮಂಥವರ ಜೊತೆಯಲ್ಲೇ ಕಾಗದದ ಚೀಲ, ಮೇಣದಬತ್ತಿ ಮುಂತಾದವನ್ನು ತಯಾರಿಸುತ್ತಾರೆ; ಅಲ್ಲಿ ಒತ್ತಡ ಕಡಿಮೆ, ಆದರೆ ಕೈಗೆ ಬರುವುದು ಬಹುಮಟ್ಟಿಗೆ ಗೌರವಧನವೇ ಹೊರತು ಸಂಬಳವಲ್ಲ.

ಬೆಂಬಲಿತ ಉದ್ಯೋಗದಲ್ಲಿ ಮೊದಲು ಕೆಲಸ, ಆಮೇಲೆ ಕೆಲಸದ ಜಾಗದಲ್ಲೇ ತರಬೇತಿ. ಹೋಟೆಲಿನಲ್ಲಿ ಮೇಜು ಒರೆಸುವುದನ್ನೇ ತೆಗೆದುಕೊಂಡರೆ, ಬಟ್ಟೆ ನೆನೆಸುವುದು, ಹಿಂಡುವುದು, ಒಂದು ಮೂಲೆಯಿಂದ ಆರಂಭಿಸುವುದು ಎಂದು ಜಾಬ್ ಕೋಚ್ ಅದನ್ನು ಹಂತಹಂತವಾಗಿ ಬಿಡಿಸಿ, ಚಿತ್ರಗಳ ಮೂಲಕ ಕಲಿಸಿ, ಕ್ರಮೇಣ ತಾವು ಹಿಂದೆ ಸರಿಯುತ್ತಾರೆ. ವೇತನ ಇತರ ನೌಕರರಿಗೆ ಸಲ್ಲುವಂತೆಯೇ ಸಲ್ಲಬೇಕು. 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಮಿಟ್ಟಿ ಕೆಫೆ ಈ ಎರಡರ ನಡುವಿನದು ಎನ್ನಬಹುದು: ಸಿಬ್ಬಂದಿಯಲ್ಲಿ ಹೆಚ್ಚಿನವರು ಅಂಗವಿಕಲರೇ, ಗ್ರಾಹಕರು ಮಾತ್ರ ಎಲ್ಲರೂ.

ಒಬ್ಬರೇ ಬಸ್ಸಿನಲ್ಲಿ ಹೋಗಿಬರಬಲ್ಲವರು ಬೆಂಬಲಿತ ಉದ್ಯೋಗವನ್ನೇ ಮೊದಲು ಪ್ರಯತ್ನಿಸುವುದು ಲೇಸೆಂದು ನನ್ನ ಅಭಿಪ್ರಾಯ. ಮೂರ್ಛೆರೋಗ ಇನ್ನೂ ಹತೋಟಿಗೆ ಬಾರದವರಿಗೆ ಸದ್ಯಕ್ಕೆ ಕಾರ್ಯಾಗಾರವೇ ಹಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ನೀಡಿದ್ದರೂ ಖಾಸಗಿ ಕಂಪನಿಗಳಿಗೆ ಅಂಥ ಕಡ್ಡಾಯವಿಲ್ಲದ ಕಾರಣ, ಅಲ್ಲಿ ಕೆಲಸ ಉಳಿಸಿಕೊಳ್ಳಲು ಕೋಚ್‌ನ ಬೆಂಬಲ ಮುಖ್ಯ; ಹಾಗಾಗಿ ಕೆಲಸ ಕೊಡಿಸಿದ ನಂತರ ಕೋಚ್ ಎಷ್ಟು ತಿಂಗಳು ಬರುತ್ತಾರೆ, ಮೇಲ್ವಿಚಾರಕರು ಬದಲಾದರೆ ಮತ್ತೆ ಬರುತ್ತಾರೆಯೇ ಎಂಬುದನ್ನು ಕೆಲಸ ಕೊಡಿಸುವ ಸಂಸ್ಥೆಯವರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.