ಹಳೆಯ ಕಮಾಂಡ್ ಮರಳಿ ತರಲು: ಅಪ್ ಆ್ಯರೋ, ಕಂಟ್ರೋಲ್-ಆರ್, ಎಫ್‌ಝಡ್‌ಎಫ್

ನನ್ನ ಮತ ಕಂಟ್ರೋಲ್-ಆರ್‌ಗೆ. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಕಮಾಂಡ್ ಓಡಿಸುವ ಶೆಲ್ ಆದ ಬ್ಯಾಶ್‌ನಲ್ಲಿ ಮೂರನ್ನೂ (ಎಫ್‌ಝಡ್‌ಎಫ್ ಅಂದರೆ ಬೇರೆಯಾಗಿ ಹಾಕಿಕೊಳ್ಳುವ ಹುಡುಕುವ ಸಾಧನ) ದಿನದ ಕೆಲಸಕ್ಕೇ ಬಳಸಿ ನೋಡಿದ ಮೇಲಿನ ಮಾತಿದು. ಆದರೆ ಅದರಲ್ಲೊಂದು ಕೆಟ್ಟ ತೊಡಕಿದೆ. ಅದನ್ನು ಸರಿಮಾಡಿಕೊಳ್ಳದೆ ಬಳಸಿದರೆ ಎಂಥವರಿಗೂ ಬೇಸರ ಬರುತ್ತದೆ.

ಅಪ್ ಆ್ಯರೋ: ಹಿಂದಿನ ಎರಡು ಮೂರು ಕಮಾಂಡ್‌ಗೆ ಇದಕ್ಕಿಂತ ಸಲೀಸಾದದ್ದು ಇಲ್ಲ. ನಲವತ್ತು ಸಲ ಒತ್ತಿ ಹುಡುಕುವವರನ್ನು ಕಂಡರೆ ಮಾತ್ರ ಕೀಬೋರ್ಡ್ ಕಸಿದುಕೊಳ್ಳಬೇಕು ಅನಿಸುತ್ತದೆ. ಕೀಗಳ ಕೆಲಸವನ್ನು ಹೊಂದಿಸುವ ಇನ್‌ಪುಟ್‌ಆರ್‌ಸಿ ಫೈಲ್‌ನಲ್ಲಿ ಅಪ್ ಆ್ಯರೋಗೆ ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್ ಎಂಬ ಕೆಲಸವನ್ನು ಜೋಡಿಸಿದರೆ ಸ್ವಲ್ಪ ಮೇಲು: ಗಿಟ್ ಎಂದು ಟೈಪ್ ಮಾಡಿ ಬಾಣ ಒತ್ತಿದರೆ ಗಿಟ್‌ನಿಂದ ಶುರುವಾಗುವ ಸಾಲುಗಳು ಮಾತ್ರ ಬರುತ್ತವೆ. ತೊಂದರೆ ಏನೆಂದರೆ, ನಮಗೆ ನೆನಪಿರುವುದು ಸಾಲಿನ ಆರಂಭವಲ್ಲ, ನಡುವಿನ ಫೈಲ್ ಹೆಸರೋ ಪೋರ್ಟ್ ನಂಬರ್ರೋ. ಮುಂದೆ ಸುಡೋ (ಅಡ್ಮಿನ್ ಹಕ್ಕಿನಲ್ಲಿ ಓಡಿಸಲು ಹಾಕುವ ಪದ) ಇದ್ದರಂತೂ ಎಲ್ಲ ಸಾಲುಗಳ ಆರಂಭವೂ ಒಂದೇ.

ಕಂಟ್ರೋಲ್-ಆರ್ ಸಾಲಿನ ನಡುವಿನ ಯಾವ ತುಂಡನ್ನಾದರೂ ಹುಡುಕುತ್ತದೆ. ಗುಟ್ಟು ಇರುವುದು ಯಾವ ತುಂಡನ್ನು ಕೊಡುತ್ತೀರಿ ಎಂಬುದರಲ್ಲಿ. ಟಾರ್ ಎಂದು ಕೊಟ್ಟರೆ ಸ್ಟಾರ್ಟ್, ರೀಸ್ಟಾರ್ಟ್ ಎಲ್ಲವೂ ಎದುರಾಗುತ್ತವೆ, ಏಕೆಂದರೆ ಅವುಗಳ ಹೊಟ್ಟೆಯಲ್ಲೂ ಟಾರ್ ಇದೆ. ಆ ಸಾಲಿನಲ್ಲಿ ಮಾತ್ರ ಇದ್ದ ಅಪರೂಪದ ಪದವನ್ನು ಕೊಡಿ: ಫೋಲ್ಡರ್ ಹೆಸರಿನ ನಾಲ್ಕು ಅಕ್ಷರ ಸಾಕು. ಸಾಲು ಸಿಕ್ಕಾಗ ಎಂಟರ್ ಒತ್ತಬೇಡಿ, ಒತ್ತಿದರೆ ಅದು ಓಡಿಯೇಬಿಡುತ್ತದೆ. ಬಲಬಾಣ ಒತ್ತಿ; ಸಾಲು ತಿದ್ದಲು ಕೈಗೆ ಬರುತ್ತದೆ. ಬೇಡ ಅನಿಸಿದರೆ ಕಂಟ್ರೋಲ್-ಜಿ. ಮೊದಲು ಅರ್ಧ ಟೈಪ್ ಮಾಡಿದ್ದ ಸಾಲು ಹಾಗೇ ಮರಳುತ್ತದೆ.

ಈಗ ಆ ತೊಡಕು. ಇನ್ನೂ ಹಳೆಯ ಸಾಲಿಗಾಗಿ ಕಂಟ್ರೋಲ್-ಆರ್ ಮತ್ತೆ ಮತ್ತೆ ಒತ್ತುತ್ತ ಹೋದಾಗ ಬೇಕಾದ ಸಾಲು ಕಣ್ಣೆದುರೇ ದಾಟಿಹೋಗುತ್ತದೆ. ವಾಪಸ್ ಬರಲು ಕೀ ಇದೆ: ಕಂಟ್ರೋಲ್-ಎಸ್. ಒತ್ತಿದ ಕೂಡಲೇ ಟರ್ಮಿನಲ್ ಕಲ್ಲಾಗುತ್ತದೆ. ಅಕ್ಷರ ಮೂಡುವುದಿಲ್ಲ, ಎಂಟರ್‌ಗೆ ಉತ್ತರವಿಲ್ಲ. ಸಂಪರ್ಕ ಕಡಿದುಹೋಯಿತೆಂದು ಎಷ್ಟೋ ಜನ ಕಿಟಕಿಯನ್ನೇ ಮುಚ್ಚುತ್ತಾರೆ, ಅದರೊಳಗೆ ಓಡುತ್ತಿದ್ದ ಕೆಲಸವೂ ಅಲ್ಲಿಗೆ ಹೋಯಿತು.

ಏನೂ ಕಡಿದಿರುವುದಿಲ್ಲ. ಟೆಲಿಟೈಪ್ ಕಾಲದಿಂದ ಬಂದ ಪದ್ಧತಿಯಂತೆ ಕಂಟ್ರೋಲ್-ಎಸ್ ಅಂದರೆ ಔಟ್‌ಪುಟ್ ನಿಲ್ಲಿಸು, ಕಂಟ್ರೋಲ್-ಕ್ಯೂ ಅಂದರೆ ಮುಂದುವರಿಸು. ಕೀಬೋರ್ಡ್‌ಗೂ ಬ್ಯಾಶ್‌ಗೂ ನಡುವೆ ಇರುವ ಟರ್ಮಿನಲ್ ಡ್ರೈವರ್ ಈ ಕೀಯನ್ನು ತಾನೇ ನುಂಗಿಬಿಡುವುದರಿಂದ ಬ್ಯಾಶ್‌ಗೆ ಅದು ತಲುಪುವುದೇ ಇಲ್ಲ. ಕಂಟ್ರೋಲ್-ಕ್ಯೂ ಒತ್ತಿದರೆ ಜೀವ ಬರುತ್ತದೆ. ಆದರೆ ನಿಂತಿದ್ದಾಗ ಸಿಟ್ಟಿನಲ್ಲಿ ಕುಟ್ಟಿದ ಕೀಗಳು ಬಫರ್‌ನಲ್ಲಿ ಕಾಯುತ್ತಿರುತ್ತವೆ, ಬಿಡುಗಡೆಯಾದ ತಕ್ಷಣ ಒಂದರ ಹಿಂದೊಂದು ಜಾರಿಯಾಗುತ್ತವೆ, ಎಂಟರ್ ಸಮೇತ. ಹಾಗಾಗಿ ಪರದೆ ಕಲ್ಲಾದರೆ ಬೇರೇನೂ ಒತ್ತದೆ ಮೊದಲು ಕಂಟ್ರೋಲ್-ಕ್ಯೂ.

ಕಾಯಂ ಪರಿಹಾರ ಒಂದು ಸಾಲಿನದು. ಬ್ಯಾಶ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಎಸ್-ಟಿ-ಟಿ-ವೈ, ಒಂದು ಸ್ಪೇಸ್, ಮೈನಸ್ ಗುರುತು, ಅದಕ್ಕೆ ಅಂಟಿಕೊಂಡೇ ಐ-ಎಕ್ಸ್-ಓ-ಎನ್, ಎಲ್ಲ ಸಣ್ಣಕ್ಷರದಲ್ಲಿ. ಇದು ಕಂಟ್ರೋಲ್-ಎಸ್‌ನ ನಿಲ್ಲಿಸುವ ಕೆಲಸವನ್ನು ತೆಗೆದುಹಾಕುತ್ತದೆ. ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಡೆಬಿಯನ್, ಉಬುಂಟುಗಳ ಬ್ಯಾಶ್‌ಆರ್‌ಸಿಯ ಮೇಲ್ಭಾಗದಲ್ಲಿ, ಎದುರು ಕೂತು ಬಳಸುವ ಶೆಲ್ ಅಲ್ಲದಿದ್ದರೆ ಅಲ್ಲಿಂದಲೇ ಹಿಂತಿರುಗುವ ತುಣುಕೊಂದಿದೆ. ಅದರ ಕೆಳಗೆ ಹಾಕಿ. ಮೇಲೆ ಹಾಕಿದರೆ, ಆ ಫೈಲ್ ಇರುವ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಾಧನ) ಮೂಲಕ ಒಂದೇ ಕಮಾಂಡ್ ಕಳಿಸಿದಾಗಲೂ ಟರ್ಮಿನಲ್ ಇಲ್ಲವೆಂಬ ಎರರ್ ಬರುತ್ತದೆ. ಇನ್ನೊಂದು: ಎಸ್‌ಎಸ್‌ಎಚ್‌ನಲ್ಲಿ ಇದ್ದಾಗ ಲೆಕ್ಕಕ್ಕೆ ಬರುವುದು ಆ ಕಡೆಯ ಟರ್ಮಿನಲ್. ಓಪನ್‌ಎಸ್‌ಎಸ್‌ಎಚ್ ಸಂಪರ್ಕ ಶುರುವಾಗುವಾಗ ನಿಮ್ಮ ಲ್ಯಾಪ್‌ಟಾಪ್‌ನ ಈ ಹೊಂದಿಕೆಯನ್ನು ಅಲ್ಲಿಗೂ ಒಯ್ಯುತ್ತದೆ, ಆದರೂ ಅದನ್ನೇ ನಂಬದೆ ಸರ್ವರ್‌ನಲ್ಲೂ ಹಾಕಿಕೊಳ್ಳಿ.

ಎಫ್‌ಝಡ್‌ಎಫ್ ನೋಡಲು ಎಲ್ಲಕ್ಕಿಂತ ಚೆಂದ. ಅದೇ ಕಂಟ್ರೋಲ್-ಆರ್ ಒತ್ತಿದರೆ ಹಿಸ್ಟರಿಯ ಇಡೀ ಪಟ್ಟಿ ತೆರೆಯುತ್ತದೆ, ಎರಡು ತುಂಡು ಪದಗಳನ್ನು ಹಿಂದುಮುಂದಾಗಿ ಕೊಟ್ಟರೂ ಹುಡುಕಿಕೊಡುತ್ತದೆ. ದಾಟಿಹೋಗುವ ಸಮಸ್ಯೆಯೇ ಇಲ್ಲ, ಬಾಣದ ಕೀಯಿಂದ ಮೇಲೆ ಕೆಳಗೆ ಓಡಾಡಬಹುದು. ಇನ್‌ಸ್ಟಾಲ್ ಮಾಡಿದರೆ ಸಾಲದು, ಶೆಲ್‌ಗೆ ಜೋಡಿಸುವ ಸಾಲನ್ನೂ ಬ್ಯಾಶ್‌ಆರ್‌ಸಿಗೆ ಸೇರಿಸಬೇಕು. 0.48ನೇ ಆವೃತ್ತಿಯಿಂದ ಅದು ಒಂದೇ ಸಾಲು. ಅದಕ್ಕಿಂತ ಹಳೆಯದಾದರೆ ಕೀ-ಬೈಂಡಿಂಗ್ ಫೈಲ್ ಎಲ್ಲಿದೆಯೆಂದು ಹುಡುಕಿ ಸೇರಿಸಬೇಕು.

ಯಾವುದನ್ನೇ ಆರಿಸಿ, ಹಿಸ್ಟರಿ ಚಿಕ್ಕದಿದ್ದರೆ ಹುಡುಕಲು ಏನೂ ಇರುವುದಿಲ್ಲ. ಬ್ಯಾಶ್ ತಾನಾಗಿ ಇಟ್ಟುಕೊಳ್ಳುವುದು 500 ಸಾಲು ಮಾತ್ರ. ಬ್ಯಾಶ್‌ಆರ್‌ಸಿಯಲ್ಲಿ ಹಿಸ್ಟ್‌ಸೈಜ್ (ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸಾಲುಗಳ ಮಿತಿ), ಹಿಸ್ಟ್‌ಫೈಲ್‌ಸೈಜ್ (ಫೈಲ್‌ನಲ್ಲಿ ಉಳಿಸುವ ಸಾಲುಗಳ ಮಿತಿ) ಎರಡನ್ನೂ 50000ಕ್ಕೆ ಏರಿಸಿ.

ಒಂದೇ ಯಂತ್ರದ ಮುಂದೆ ಇಡೀ ದಿನ ಕೂರುವವರಿಗೆ ಎಫ್‌ಝಡ್‌ಎಫ್ ಸರಿ, ಕಾಸೂ ಖರ್ಚಿಲ್ಲ. ನನ್ನ ಕೆಲಸ ಹತ್ತಾರು ಸರ್ವರ್‌ಗಳಲ್ಲಿ. ಅಲ್ಲೆಲ್ಲ ಹೊಸ ಪ್ಯಾಕೇಜ್ ಹಾಕುವ ಹಕ್ಕೂ ಇಲ್ಲ, ಪುರುಸೊತ್ತೂ ಇಲ್ಲ, ಕಂಟ್ರೋಲ್-ಆರ್ ಮಾತ್ರ ಬ್ಯಾಶ್ ಇದ್ದಲ್ಲೆಲ್ಲ ಇದ್ದೇ ಇರುತ್ತದೆ. ಎರಡನ್ನೂ ಬೆರೆಸಿ ಬಳಸುವವರು ಒಂದು ವಿಷಯದಲ್ಲಿ ಹುಷಾರಾಗಿರಿ: ಎಫ್‌ಝಡ್‌ಎಫ್‌ನಲ್ಲಿ ಎಂಟರ್ ಒತ್ತಿದರೆ ಕಮಾಂಡ್ ಸಾಲಿಗೆ ಬಂದು ಕೂರುತ್ತದೆ ಅಷ್ಟೆ, ಓಡುವುದಿಲ್ಲ. ಅದೇ ಬೆರಳಿನ ರೂಢಿ ಹೊತ್ತು ಬರೀ ಬ್ಯಾಶ್ ಇರುವ ಸರ್ವರ್‌ಗೆ ಹೋದರೆ, ಕಳೆದ ವಾರದ ಡಿಲೀಟ್ ಕಮಾಂಡ್ ಕೇಳದೆಯೇ ಓಡಿಬಿಡುತ್ತದೆ. ಎಲ್ಲೇ ಇರಲಿ, ಬ್ಯಾಶ್‌ನ ಸ್ವಂತ ಹುಡುಕಾಟದಲ್ಲಿ ಎಂಟರ್‌ಗೆ ಮುಂಚೆ ಬಲಬಾಣ.