ಕಾಗದವೋ ರೋಲೋ: ಮಲೆನಾಡಿನ ಬೆಳಕಲ್ಲಿ ಪಿನ್‌ಹೋಲ್

ಪಿನ್‌ಹೋಲ್ ಡಬ್ಬದೊಳಗೆ, ಅಂದರೆ ಲೆನ್ಸಿಲ್ಲದೆ ಸಣ್ಣ ತೂತಿನಿಂದಲೇ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಫೋಟೋ ಕಾಗದ ಇಡಬೇಕೋ, 120 ಅಳತೆಯ ಫಿಲ್ಮ್ ರೋಲ್ ಹಾಕಬೇಕೋ? ಬಯಲುಸೀಮೆಯಲ್ಲಾದರೆ ಖರ್ಚು ನೋಡಿ ಕಾಗದ ಅಂದುಬಿಡಬಹುದು. ತೀರ್ಥಹಳ್ಳಿ, ಸಾಗರದ ಕಡೆ ಬೆಳಕಿನ ಬಣ್ಣವನ್ನೂ ಕೇಳಬೇಕಾಗುತ್ತದೆ.

ಎರಡಕ್ಕೂ ಒಂದೇ ಅಳತೆ ಇಟ್ಟು ನೋಡಿದ್ದು: ತಂಪುಪಾನೀಯದ ಕ್ಯಾನಿನ ತಗಡಲ್ಲಿ 0.45 ಮಿ.ಮೀ. ತೂತು, ಅಲ್ಲಿಂದ 100 ಮಿ.ಮೀ. ಹಿಂದೆ ಕಾಗದ ಅಥವಾ ಫಿಲ್ಮ್, ಅಂದರೆ ಎಫ್/222 (ಆ ದೂರವನ್ನು ತೂತಿನ ಅಗಲದಿಂದ ಭಾಗಿಸಿದ ಸಂಖ್ಯೆ). ತೂತಿನ ಹಿಂಬದಿ ಎದ್ದ ಅಂಚನ್ನು 600 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜದಿದ್ದರೆ ಚಿತ್ರದ ಮೂಲೆಗಳು ಮಂಕಾಗುತ್ತವೆ.

ಕಾಗದವನ್ನು ಐಎಸ್‌ಒ 6 (ಬೆಳಕು ಹಿಡಿಯುವ ಚುರುಕಿನ ಅಳತೆ) ಎಂದು ಹಿಡಿದರೆ ಮಧ್ಯಾಹ್ನದ ಬಿಸಿಲಿಗೆ ತೂತನ್ನು ಸುಮಾರು 30 ಸೆಕೆಂಡು ತೆರೆದಿಡಬೇಕು. ಇಲ್ಫೋರ್ಡ್ ಎಫ್‌ಪಿ4 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮ್ ರೋಲಿಗೆ 2 ಸೆಕೆಂಡು ಸಾಕು, ಆದರೆ ತೂತು ಮುಚ್ಚಿದ ಕಪ್ಪು ಟೇಪು ಕೀಳುವಾಗಿನ ಅಲುಗಾಟ ಅಷ್ಟರಲ್ಲೇ ಚಿತ್ರ ಕೆಡಿಸುತ್ತದೆ.

ಅಡಿಕೆ ತೋಟದೊಳಗೆ ಲೆಕ್ಕ ತಲೆಕೆಳಗು. ಕಾಗದ ನೀಲಿಗೆ ಚುರುಕು, ಹಸಿರಿಗೆ ಮಂದ, ಕೆಂಪಿಗೆ ಕುರುಡು. ಸೋಗೆ ಸೋಸಿ ಕೆಳಗಿಳಿಸುವುದು ಹಸಿರು ಬೆಳಕನ್ನೇ. ಬೆಳಕಿನ ಮೀಟರಿನ ಪ್ರಕಾರ ಕಾಗದಕ್ಕೆ 17 ನಿಮಿಷ. 40 ಕೊಟ್ಟರೂ ನೆರಳು ಬರೀ ಮಸಿ. ಎಫ್‌ಪಿ4ಗೆ ಮೀಟರು 50 ಸೆಕೆಂಡು ತೋರಿಸುತ್ತದೆ. ದೀರ್ಘ ಎಕ್ಸ್‌ಪೋಷರಿನಲ್ಲಿ ಫಿಲ್ಮ್ ಸೋಮಾರಿಯಾಗುವುದರಿಂದ ಆ ಸಂಖ್ಯೆಯನ್ನು 1.26ರ ಘಾತಕ್ಕೆ ಏರಿಸಬೇಕು: ಸುಮಾರು 138 ಸೆಕೆಂಡು. ಕಾಂಡಗಳು ಗೆರೆ ಎಳೆದಂತೆ ನಿಂತು, ತುದಿಯ ಸೋಗೆ ಮಾತ್ರ ಕರಗಿರುತ್ತದೆ. ತೋಟಕ್ಕೆ ರೋಲೇ ಸೈ.

ಮಳೆಗಾಲದ ಬಯಲಲ್ಲಿ ಕಾಗದದ ಕಾಲ. ಬಿಸಿಲಲ್ಲಿ ಕಾಡುವ ಅತಿಯಾದ ಕಪ್ಪು-ಬಿಳುಪು ಮೋಡದಡಿ ತಾನೇ ತಗ್ಗುತ್ತದೆ, ಅದನ್ನು ತಗ್ಗಿಸುವ ಹಳದಿ ಫಿಲ್ಟರಿನ ಗೊಡವೆ ಇಲ್ಲ. ಜೋಗದಲ್ಲಿ ಮಾತ್ರ ಹುಷಾರು: ಕಾಗದಕ್ಕೆ ಬೇಕಾದ 4 ನಿಮಿಷದಲ್ಲಿ ನೀರು, ಮಂಜು, ಆಕಾಶ ಎಲ್ಲ ಒಂದೇ ಬಿಳುಪಾಗಿ ರಾಜಾ ಯಾವುದು ರೋರರ್ ಯಾವುದು ತಿಳಿಯುವುದಿಲ್ಲ. ಚೌಕಟ್ಟಿನ ಅರ್ಧ ಬಂಡೆಗೆ ಬಿಡಿ. ಫಿಲ್ಮಿಗೆ 23 ಸೆಕೆಂಡು. ಧಾರೆಯ ಆಕಾರ ಉಳಿಯುತ್ತದೆ.

ತೇವಕ್ಕೆ ಕಾಗದ ಸುರುಳಿಯಾಗುತ್ತದೆ, ನಾಲ್ಕು ಮೂಲೆಗೂ ಎರಡು ಬದಿಯ ಟೇಪು ಅಂಟಿಸಿ. ರೋಲಿನ ಪೆಟ್ಟಿಗೆಯಲ್ಲಿ ನಂಬರು ನೋಡುವ ಕೆಂಪು ಕಿಟಕಿಯನ್ನೇ ಮುಚ್ಚಬೇಕು. ಈ ಫಿಲ್ಮಿಗೆ ಕೆಂಪೂ ಕಾಣುತ್ತದೆ.

ತೊಳೆಯುವುದರಲ್ಲಿ ಕಾಗದ ಸುಲಭ, ಕೆಂಪು ಬಲ್ಬಿನಡಿ ಚಿತ್ರ ಮೂಡುವುದನ್ನು ನೋಡುತ್ತಲೇ ಎತ್ತಬಹುದು. ಫಿಲ್ಮಿಗೆ ಡಿ-76 ಡೆವಲಪರಿಗೆ (ಚಿತ್ರ ಮೂಡಿಸುವ ದ್ರಾವಣ) ಅಷ್ಟೇ ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ಶಿವಮೊಗ್ಗದ ಬೇಸಿಗೆಯ ನಲ್ಲಿ ನೀರು ಅಷ್ಟು ತಣ್ಣಗಿರುವ ಮಾತೇ ಇಲ್ಲ. ಐಸನ್ನು ಬಾಟಲಿಯ ಸುತ್ತ ಇಡಿ, ಒಳಗೆ ಹಾಕಿದರೆ ಡೆವಲಪರ್ ತೆಳ್ಳಗಾಗುತ್ತದೆ.