ಡೈಗೆ ಯಾವ ಕಾರ್ಬೈಡ್: ಕೋಬಾಲ್ಟಿನದೋ, ಉಕ್ಕಿನದೋ?

ಡೈ ಎಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚು; ಕಾರ್ಬೈಡ್ ಎಂದರೆ ಲೋಹ ಮತ್ತು ಕಾರ್ಬನ್ ಸೇರಿದ ತುಂಬಾ ಗಡಸು ವಸ್ತು. ಟಂಗ್‌ಸ್ಟನ್ ಕಾರ್ಬೈಡ್ ಕಾಳುಗಳನ್ನು ಕೋಬಾಲ್ಟ್ ಬೈಂಡರ್ ಆಗಿ, ಅಂದರೆ ಅಂಟಿನಂತೆ, ಹಿಡಿದಿಟ್ಟುಕೊಳ್ಳುತ್ತದೆ. 1923ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದ ಈ ಜೋಡಿಯೇ ಇವತ್ತಿಗೂ ಮುಂದಿದೆ. 6% ಕೋಬಾಲ್ಟ್ ಇದ್ದರೆ ಗಡಸುತನ ಸುಮಾರು 1500 ವಿಕರ್ಸ್ (ಗಡಸುತನದ ಒಂದು ಅಳತೆ). ಕೋಬಾಲ್ಟ್ ಹೆಚ್ಚಿಸಿದರೆ ಪೆಟ್ಟು ತಾಳುತ್ತದೆ, ಆದರೆ ಗಡಸುತನ ಇಳಿಯುತ್ತದೆ. ಕಷ್ಟ ಇರುವುದು ಆಕಾರ ಕೊಡುವಾಗ. ಡೈಮಂಡ್ ವ್ಹೀಲ್ (ವಜ್ರದ ಪುಡಿಯ ಸಾಣೆಚಕ್ರ) ಅಥವಾ ವೈರ್‌ಕಟ್ (ತಂತಿಯಿಂದ ವಿದ್ಯುತ್ ಕಿಡಿ ಹಾರಿಸಿ ಕತ್ತರಿಸುವ ಯಂತ್ರ) ಬೇಕೇ ಬೇಕು.

ಟೂಲ್ ಸ್ಟೀಲ್ ಬೈಂಡರ್ ಇರುವ ಟೈಟೇನಿಯಂ ಕಾರ್ಬೈಡ್ ನನಗೆ ತುಂಬಾ ಇಷ್ಟವಾಗುವುದು ಇಲ್ಲೇ. ಅನೀಲ್ ಮಾಡಿದ (ಕಾಯಿಸಿ ನಿಧಾನವಾಗಿ ಆರಿಸಿ ಮೆತ್ತಗೆ ಮಾಡಿದ) ತುಂಡನ್ನು ಮಾಮೂಲಿ ಲೇತ್‌ನಲ್ಲಿ ನಿಧಾನಕ್ಕೆ ತಿರುವಬಹುದು, ತೂತು ಕೊರೆಯಬಹುದು, ಟ್ಯಾಪ್ ಕೂಡ ಹಾಕಬಹುದು (ತೂತಿನೊಳಗೆ ತಿರುಪಿನ ಗೆರೆ ಕೊರೆಯಬಹುದು). ಆಮೇಲೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಒಳಗಿನ ಉಕ್ಕು ಮಾರ್ಟೆನ್‌ಸೈಟ್ ಎಂಬ ಗಡಸು ರೂಪಕ್ಕೆ ತಿರುಗಿ, ಗಡಸುತನ 70 ರಾಕ್‌ವೆಲ್ ಸಿ (ಗಡಸುತನದ ಇನ್ನೊಂದು ಅಳತೆ) ಹತ್ತಿರ ಏರುತ್ತದೆ. ಅದೇ ಗಾತ್ರಕ್ಕೆ ತೂಕವೂ ಕೋಬಾಲ್ಟ್ ಬೈಂಡರಿನ ಟಂಗ್‌ಸ್ಟನ್ ಕಾರ್ಬೈಡಿನ ಅರ್ಧಕ್ಕಿಂತ ಕಡಿಮೆ. ಸವೆದ ಡೈಯನ್ನು ಮತ್ತೆ ಅನೀಲ್ ಮಾಡಿ ತಿದ್ದಿಕೊಳ್ಳಬಹುದು, ಎಷ್ಟು ಅನುಕೂಲ ಅಲ್ವಾ?

ಆದರೆ ಬಿಸಿ ಜಾಸ್ತಿಯಾದರೆ ಉಕ್ಕು ಮೆತ್ತಗಾಗುತ್ತದೆ. ಜೋರಾಗಿ ಲೋಹ ಕತ್ತರಿಸುವ ಇನ್ಸರ್ಟ್‌ಗೆ (ಹತ್ಯಾರದ ತುದಿಗೆ ಕೂರಿಸುವ ಬಿಲ್ಲೆಗೆ) ಕೋಬಾಲ್ಟೇ ಸರಿ. ತಣ್ಣಗೆ ನಡೆಯುವ ಪಂಚ್, ಡೈ, ಗೈಡ್‌ಗಳಿಗೆ ಉಕ್ಕಿನದನ್ನೇ ಆರಿಸಿ, ಅದರಲ್ಲೂ ಆಕಾರ ಜಟಿಲವಾಗಿದ್ದರೆ.

ಟಂಗ್‌ಸ್ಟನ್ ಕಾರ್ಬೈಡಿಗೇ ಕಬ್ಬಿಣ-ನಿಕ್ಕಲ್ ಬೈಂಡರ್ ಹಾಕಿದ್ದೂ ಸಿಗುತ್ತದೆ. ಅದರಲ್ಲಿ ಕಾರ್ಬನ್ ಸ್ವಲ್ಪ ಕಡಿಮೆಯಾದರೂ ಈಟಾ ಎಂಬ ಪೆಡಸು ಫೇಸ್ (ಒಳಗೆ ಬೇರೆಯಾಗಿ ನಿಲ್ಲುವ ಸಂಯುಕ್ತ) ಹುಟ್ಟಿ, ಸಲೀಸಾಗಿ ಬಿರುಕು ಬಿಡುತ್ತದೆ. ಹಾಗಾಗಿ ಕೊಳ್ಳುವಾಗ ಗಡಸುತನದ ಜೊತೆ ಬಿರುಕು ತಾಳುವ ಶಕ್ತಿಯ ಅಂಕಿಯನ್ನೂ ಕೇಳಿ.